ಮನಸ್ಸೂ ಅನ್ನವೂ

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆಯವರು ಈಚೆಗೆ ನನ್ನನ್ನು ಕಂಡು, "ಅಮ್ಮನವರೇ, ನಮ್ಮ ಹುಡುಗಿ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರವನ್ನೂ ಪೋಷಣಶಾಸ್ತ್ರವನ್ನೂ ಒಟ್ಟಿಗೆ ಓದುವೆನೆನ್ನುತ್ತಾಳೆ. ಒಂದು ತಲೆಯ ವಿಷಯ, ಇನ್ನೊಂದು ಅಡಿಗೆಮನೆಯ ವಿಷಯ. ಇವೆರಡಕ್ಕೂ ಏನು ಸಂಬಂಧ?" ಎಂದು ಕೇಳಿದರು. ಇತರ ಪೋಷಕರಿಗೂ ಈ ಸಂದೇಹವಿರಬಹುದಾದ ಕಾರಣ ಉತ್ತರವನ್ನು ಇಲ್ಲಿ ಬರೆಯುತ್ತೇನೆ.

ಎರಡನೆಯ ಮಹಾಯುದ್ಧದಲ್ಲಿ ಹಸಿವಿನಿಂದ ಬಳಲಿದವರನ್ನು ಪುನಃ ಪೋಷಿಸುವ ಕ್ರಮವನ್ನು ತಿಳಿಯಲು, ಅಮೆರಿಕಾದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ಶರೀರಶಾಸ್ತ್ರಜ್ಞರು ಒಂದು ಪರೀಕ್ಷೆಯನ್ನು ನಡೆಸಿದರು. ಆಯುಧ ಹಿಡಿಯಲು ಮನಸ್ಸಾಕ್ಷಿ ಒಪ್ಪದ 36 ಮಂದಿ ಯುವಕರು ಸ್ವಂತ ಇಚ್ಛೆಯಿಂದ ಅದಕ್ಕೆ ಒಳಗಾದರು. 1945ರಲ್ಲಿ 24 ವಾರಗಳ ಕಾಲ ಅವರ ಆಹಾರವನ್ನು ಅರ್ಧದಷ್ಟಕ್ಕೆ ಇಳಿಸಲಾಯಿತು. ದೇಹದ ತೂಕವು ಸುಮಾರು ಕಾಲುಭಾಗ ಕುಗ್ಗಿತು. ಸೌಮ್ಯರಾಗಿದ್ದವರು ಸಿಡುಕರಾದರು, ಸ್ನೇಹಿತರ ಸಂಗ ಬೇಡವಾಯಿತು, ಕೆಲವರು ಹಗಲಿರುಳು ಅಡಿಗೆಯ ಪುಸ್ತಕಗಳನ್ನೇ ಓದಿದರು. ಗಮನ ನಿಲ್ಲದೆಂದು ಅವರೆಲ್ಲ ದೂರಿದರೂ, ಬುದ್ಧಿಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ಇಳಿತ ಕಾಣಲಿಲ್ಲ. ಅಂದರೆ ಬುದ್ಧಿಯು ಇದ್ದೇ ಇತ್ತು. ಅದನ್ನು ನಡೆಯಿಸುವ ಉತ್ಸಾಹವು ಉಡುಗಿಹೋಗಿತ್ತು. ತೂಕದ ಯಂತ್ರವೊಂದನ್ನೇ ನಂಬಿದ್ದರೆ ಈ ಸಂಗತಿಯು ಹೊರಬೀಳುತ್ತಿರಲಿಲ್ಲ.

ಇದನ್ನು ಓದಿದಾಗ ನನ್ನದೇ ತಪ್ಪೊಂದು ನೆನಪಾಯಿತು. ಉಪಾಧ್ಯಾಯಿನಿಯಾದ ಮೊದಲ ವರುಷಗಳಲ್ಲಿ, ಲೆಕ್ಕದ ಪಾಠದಲ್ಲಿ ತೂಕಡಿಸುತ್ತಿದ್ದ ಹುಡುಗಿಯೊಬ್ಬಳನ್ನು ಸೋಮಾರಿಯೆಂದು ಜರೆದು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಅವಳು ದಿನವೂ ಬರಿಯ ಕಾಫಿಯನ್ನು ಕುಡಿದು ಮೂರು ಮೈಲಿ ನಡೆದು ಬರುತ್ತಿದ್ದಳೆಂದು ತಿಳಿದದ್ದು ತಿಂಗಳುಗಳ ಮೇಲೆ. ಅವಧಾನದ ವಿಷಯವಾಗಿ ತರಬೇತಿಯಲ್ಲಿ ಬಹಳ ಓದಿದ್ದೆನು, ಆದರೆ "ಏನು ಉಂಡು ಬಂದೆ, ಮಗೂ?" ಎಂದು ಕೇಳಲು ಕಲಿತಿರಲಿಲ್ಲ.

ಪೋಷಣಶಾಸ್ತ್ರವೊಂದೇ ಸಾಲದೆಂಬುದೂ ನಿಜ. ರಾಗಿ, ಬೇಳೆ, ಸೊಪ್ಪುಗಳ ಗುಣವನ್ನು ಹೇಳುವುದು ಸುಲಭ. ಆದರೆ ಎಲ್ಲರಿಗೂ ಬಡಿಸಿದ ಮೇಲೆ ಉಳಿದುದನ್ನು ಉಣ್ಣುವ ತಾಯಿಯ ರೂಢಿಯನ್ನೂ, ದುಃಖದಿಂದ ತಟ್ಟೆಯನ್ನು ನೂಕುವ ಮಗುವನ್ನೂ ಅರಿಯಬೇಕಾದರೆ ಮನಸ್ಸಿನ ಜ್ಞಾನ ಬೇಕು.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವು 1924ರಲ್ಲಿಯೇ ಆರಂಭವಾಯಿತು. ಆಹಾರವಿಜ್ಞಾನ ಮತ್ತು ಪೋಷಣೆಯ ವಿಭಾಗವೂ ಅಲ್ಲಿದೆ. ಆದರೆ ಈ ಜೋಡಿ ವ್ಯಾಸಂಗವು ಹಗುರವೆಂದು ಯಾರೂ ಭಾವಿಸಬಾರದು. ಒಂದಕ್ಕೆ ರಸಾಯನಶಾಸ್ತ್ರವೂ ಮತ್ತೊಂದಕ್ಕೆ ಸಂಖ್ಯಾಶಾಸ್ತ್ರವೂ ಬೇಕು; ಎರಡಕ್ಕೂ ತಾಳ್ಮೆ ಬೇಕು.

ಆ ತಂದೆಯವರಿಗೆ ನಾನು ಹೇಳಿದ್ದು ಇಷ್ಟೇ: "ಅವಳನ್ನು ಓದಗೊಡಿಸಿರಿ. ನಾನು ಕೇಳದೆ ಹೋದ ಪ್ರಶ್ನೆಯನ್ನು ಅವಳು ಕೇಳುವಳು."