ಪ್ಲಾಸ್ಟಿಕ್ ಕುರ್ಚಿಗೆ ಬಣ್ಣ, ಮೇಜಿಗೆ ಟೈಲ್ಸ್

ಅಂಗಳದಲ್ಲಿ ಮಳೆ ಬಿಸಿಲಿಗೆ ಮಾಸಿದ ಕುರ್ಚಿ, ಮೇಜುಗಳನ್ನು ಗುಜರಿಗೆ ಹಾಕುವ ಮುನ್ನ ಮಗುಚಿ ನೋಡಿ. ಅಡಿಯಲ್ಲಿ ತ್ರಿಕೋನದೊಳಗೆ 5 ಎಂದಿದ್ದರೆ ಅದು ಪಾಲಿಪ್ರೊಪಿಲೀನ್. ಕರಾವಳಿಯ ಮನೆಗಳಲ್ಲಿ ನನ್ನ ಕೈಗೆ ಬರುವುದು ಬಹುಪಾಲು ಇದೇ.

1. ಮೊದಲು ಕಾಲು ನೋಡಿ. ಬಿಸಿಲಿನ ಅತಿನೇರಳೆ ಕಿರಣಗಳು ಈ ಪ್ಲಾಸ್ಟಿಕ್ಕನ್ನು ಪೆಡಸಾಗಿಸುತ್ತವೆ. ಒರೆಸಿದರೆ ಕೈಗೆ ಬಿಳಿ ಪುಡಿ ಹತ್ತಿತೋ, ಚಿಂತೆಯಿಲ್ಲ, ಉಜ್ಜಿ ತೆಗೆಯಬಹುದು. ಕಾಲು ಸೀಟಿಗೆ ಸೇರುವಲ್ಲಿ ಬಿರುಕು ಕಂಡರೆ ಮಾತ್ರ ಆ ಕುರ್ಚಿಯ ಆಸೆ ಬಿಡಿ. ಬಣ್ಣ ಬಿರುಕನ್ನು ಮುಚ್ಚುತ್ತದೆ, ಬೆಸೆಯುವುದಿಲ್ಲ. ಜಗಲಿಯ ಕುರ್ಚಿಯಲ್ಲಿ ಹೆಚ್ಚು ಹೊತ್ತು ಕೂರುವವರು ಅಜ್ಜ ಅಜ್ಜಿಯರು. ಅವರು ಬಿದ್ದರೆ ಗತಿಯೇನು?

2. ಪಾತ್ರೆ ಸೋಪು, ನಾರಿನ ಬ್ರಷ್ ಹಿಡಿದು ಪಾಚಿಯೆಲ್ಲ ಹೋಗುವಂತೆ ತೊಳೆದು ಪೂರ್ತಿ ಒಣಗಿಸಿ.

3. ಗೋಡೆಯ ಪೇಂಟ್ ಬೇಡ. ಪಾಲಿಪ್ರೊಪಿಲೀನಿಗೆ ಯಾವುದೂ ಸುಲಭವಾಗಿ ಅಂಟದು. ಬರೀ ಎನಾಮೆಲ್ ಬಳಿದರೆ ಒಂದು ಮಳೆಗಾಲದಲ್ಲೇ ಹಪ್ಪಳೆಯಾಗಿ ಏಳುತ್ತದೆ. 320ರ ಎಮರಿ ಪೇಪರಿನಿಂದ ಹೊಳಪು ಹೋಗುವಷ್ಟು ಉಜ್ಜಿ, ಧೂಳು ಒರೆಸಿ, ಪ್ಲಾಸ್ಟಿಕ್ ಪ್ರೈಮರ್ ಹೊಡೆಯಿರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗದಿದ್ದರೆ ಕಾರಿನ ಪೇಂಟ್ ಮಾರುವಲ್ಲಿ ಕೇಳಿ. ಬಂಪರುಗಳೂ ಹೆಚ್ಚಾಗಿ ಇದೇ ಜಾತಿಯ ಪ್ಲಾಸ್ಟಿಕ್, ಹಾಗಾಗಿ ಅವರಿಗೆ ಇದು ನಿತ್ಯದ ಸಾಮಾನು. ಮೇಲಿನ ಬಣ್ಣ ಯಾವಾಗ ಹೊಡೆಯಬೇಕೆಂದು ಡಬ್ಬಿಯ ಮೇಲೆ ಬರೆದಿರುತ್ತದೆ, ಆ ಹೊತ್ತು ಮೀರಬಾರದು. ದಪ್ಪಗೆ ಒಂದು ಕೋಟಿಗಿಂತ ತೆಳ್ಳಗೆ ಮೂರು ಕೋಟು ಮೇಲು. ಕಡುಬಣ್ಣ ಬಿಸಿಲಲ್ಲಿ ಕಾದು ತೊಡೆ ಸುಡುತ್ತದೆ. ನಾನು ತಿಳಿ ಬಣ್ಣವನ್ನೇ ಹೇಳುತ್ತೇನೆ.

4. ಟೈಲ್ಸ್ ಮೇಜಿಗೆ ಮಾತ್ರ, ಅದೂ ನೇರವಾಗಿ ಪ್ಲಾಸ್ಟಿಕ್ಕಿನ ಮೇಲಲ್ಲ. ಬೆಳಗಿನ ತಂಪಿನಿಂದ ಮಧ್ಯಾಹ್ನದ ಬಿಸಿಲಿಗೆ 30 ಡಿಗ್ರಿ ಏರಿದರೆ ಒಂದು ಮೀಟರ್ ಉದ್ದದ ಹಲಗೆ ಸುಮಾರು 3 ಮಿ.ಮೀ. ಹಿಗ್ಗುತ್ತದೆ. ಟೈಲ್ಸ್ ಹಿಗ್ಗುವುದು ಅದರ ಹತ್ತರಲ್ಲೊಂದು ಪಾಲೂ ಅಲ್ಲ. ನಡುವೆ ಸಿಕ್ಕಿಕೊಂಡ ಗಾರೆ ಬಿಡದೆ ಏನು ಮಾಡೀತು! ಅದಕ್ಕೇ ಮೇಜಿನ ಮೇಲೆ 8 ಮಿ.ಮೀ. ಸಿಮೆಂಟ್ ಬೋರ್ಡ್ ಹಾಸುತ್ತೇನೆ. ಪ್ಲಾಸ್ಟಿಕ್ಕಿನಲ್ಲಿ ಸ್ಕ್ರೂಗಿಂತ ದೊಡ್ಡ ತೂತು ಕೊರೆದು, ಅಡಿಯಿಂದ ವಾಷರ್ ಹಾಕಿ, ತೀರಾ ಬಿಗಿಯದೆ ಕೂರಿಸುತ್ತೇನೆ. ಮೇಲಿನ ಬೋರ್ಡನ್ನು ಎಳೆಯದೆ ಪ್ಲಾಸ್ಟಿಕ್ ತನ್ನಷ್ಟಕ್ಕೆ ಹಿಗ್ಗಿ ಕುಗ್ಗಲಿ. ಟೈಲ್ಸಿನ ಗಮ್ ಬೋರ್ಡಿಗೆ ಚೆನ್ನಾಗಿ ಹಿಡಿಯುತ್ತದೆ.

ಮನೆ ಕಟ್ಟಿದಾಗ ಉಳಿದ ಚೂರುಗಳೇ ಇದಕ್ಕೆ ಚೆಂದ. ಬಾರ್ಸಿಲೋನಾದ ಪಾರ್ಕ್ ಗುಯೆಲ್‌ನ ಅಂಕುಡೊಂಕು ಬೆಂಚಿಗೆ ಹೊದಿಸಿರುವುದೂ ಒಡೆದ ಚೂರುಗಳನ್ನೇ. ಒಡೆಯುವಾಗ ಗೋಣಿಚೀಲದೊಳಗಿಟ್ಟು ಸುತ್ತಿಗೆಯಿಂದ ತಟ್ಟಿ, ಕಣ್ಣಿಗೆ ಕನ್ನಡಕವಿರಲಿ. ಅಂಚಿನಲ್ಲಿ ಕಾರ್ಖಾನೆಯ ನೇರ ಬದಿಯೇ ಹೊರಕ್ಕೆ ಬರಲಿ, ಮೊಣಕೈ ತರಚದು. ಸಂದು 2–3 ಮಿ.ಮೀ. ಬಿಟ್ಟು ಗ್ರೌಟ್ ತುಂಬಿ.

5. ಭಾರದ ಲೆಕ್ಕ ಮರೆಯಬೇಡಿ. ನೆಲದ ಟೈಲ್ಸ್ ಚದರ ಮೀಟರಿಗೆ 15 ಕೆ.ಜಿ. ಮೀರುತ್ತದೆ, ಬೋರ್ಡಿನ ತೂಕ ಬೇರೆ. ಕಾಲು ಅಲುಗುವ ಮೇಜಿಗೆ ಬಣ್ಣವೇ ಸಾಕು.

6. ನಮ್ಮ ಕಡೆ ಈ ಕೆಲಸಕ್ಕೆ ದೀಪಾವಳಿ ಕಳೆದ ಮೇಲಿನ ಒಣ ದಿನಗಳೇ ಸರಿ. ಗ್ರೌಟ್ ಗಟ್ಟಿಯಾಗುವ ತನಕ ಮೇಜನ್ನು ಜಗಲಿಯ ನೆರಳಲ್ಲಿಡಿ.