ಮೊಣಕಾಲಿನ ಕೀಲು ಬದಲಾವಣೆ ಮತ್ತು ಗಾಯದ ನಳಿಕೆ

ನಿಮ್ಮ ಮನೆಯ ಹಿರಿಯರಿಗೆ ಅಥವಾ ನಿಮ್ಮಿಬ್ಬರಲ್ಲಿಯೇ ಒಬ್ಬರಿಗೆ ಮೊಣಕಾಲಿನ ಕೀಲು ಸವೆದಿದ್ದು, ಅದನ್ನು ಬದಲಾಯಿಸಬೇಕೆಂದು ವೈದ್ಯರು ಸಲಹೆ ನೀಡಿರಬಹುದು. ಈ ಶಸ್ತ್ರಕ್ರಿಯೆಯಲ್ಲಿ ತೊಡೆಯ ಮೂಳೆಯ ಕೆಳತುದಿಯನ್ನೂ ಅದರ ಕೆಳಗಿನ ಕಾಲುಮೂಳೆಯ ಮೇಲ್ತುದಿಯನ್ನೂ ಸವರಿ, ಅವುಗಳಿಗೆ ಲೋಹದ ಭಾಗಗಳನ್ನು ಕೂಡಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆಯನ್ನು ಇರಿಸುತ್ತಾರೆ. ಕತ್ತರಿಸಿದ ಮೂಳೆಯಿಂದ ರಕ್ತ ಒಸರುವುದು ಸಹಜ.

ಈ ರಕ್ತವು ಒಳಗೆ ಹೆಪ್ಪುಗಟ್ಟಿ ನಿಂತರೆ ಊತವೂ ನೋವೂ ಹೆಚ್ಚುತ್ತವೆ. ಅದರಲ್ಲಿ ರೋಗಾಣುಗಳು ಬೆಳೆದು ಕೀವಾಗಬಹುದೆಂಬ ಭಯವೂ ಉಂಟು. ಆದುದರಿಂದ ವೈದ್ಯರು ಬಹುಕಾಲ, ಗಾಯವನ್ನು ಹೊಲಿಯುವ ಮುನ್ನ ರಂಧ್ರಗಳುಳ್ಳ ನಳಿಕೆಯೊಂದನ್ನು ಒಳಗಿರಿಸಿ, ಅದರ ಹೊರತುದಿಯನ್ನು ಸೀಸೆಗೆ ಜೋಡಿಸುತ್ತ ಬಂದರು. ಆಸ್ಪತ್ರೆಯಲ್ಲಿ ಇದಕ್ಕೆ ಡ್ರೈನ್ ಎನ್ನುತ್ತಾರೆ. ಹಲವೆಡೆ ಬಳಸುವ ಸೀಸೆಯು ಕಮ್ಮಾರನ ತಿದಿಯಂತೆ ಮಡಿಕೆ ಮಡಿಕೆಯಾಗಿರುತ್ತದೆ. ಅದನ್ನು ಅದುಮಿ, ಗಾಳಿ ಹೊರಡಿಸಿ ಮುಚ್ಚಿದರೆ, ಅದು ಮತ್ತೆ ಅರಳುತ್ತಾ ಒಳಗಿನ ರಕ್ತವನ್ನು ಸೆಳೆದುಕೊಳ್ಳುತ್ತದೆ.

ಸೀಸೆ ಕೆಂಪಾದುದನ್ನು ಕಂಡು ಮನೆಯವರು ಗಾಬರಿಗೊಳ್ಳುವುದುಂಟು. ಪಕ್ಕದ ಹಾಸಿಗೆಯವರಿಗೆ ನಳಿಕೆಯಿದ್ದು ತಮ್ಮವರಿಗೆ ಇಲ್ಲದಿದ್ದರೆ, ವೈದ್ಯರು ಅಲಕ್ಷ್ಯ ಮಾಡಿದರೆಂದು ಮುನಿಯುವವರೂ ಉಂಟು. ಈ ಎರಡನೆಯ ಶಂಕೆಯನ್ನು ಮುಖ್ಯವಾಗಿ ನಿವಾರಿಸಬೇಕಾಗಿದೆ.

ನಳಿಕೆಯಿಂದ ನಿಜವಾಗಿ ಪ್ರಯೋಜನವಿದೆಯೇ ಎಂಬುದನ್ನು ಅನೇಕ ದೇಶಗಳಲ್ಲಿ ಪರೀಕ್ಷಿಸಲಾಗಿದೆ. ಮೂಳೆ ಮತ್ತು ಕೀಲುಗಳ ನಾನಾ ಶಸ್ತ್ರಕ್ರಿಯೆಗಳ ಬಗ್ಗೆ ನಡೆದ 36 ಅಧ್ಯಯನಗಳನ್ನು, ಅಂದರೆ 5,464 ರೋಗಿಗಳ ವಿವರಗಳನ್ನು, ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆಯು 2007ರಲ್ಲಿ ಸಮೀಕ್ಷೆ ಪ್ರಕಟಿಸಿತು. ನಳಿಕೆ ಇಟ್ಟವರಿಗೂ ಇಡದವರಿಗೂ ಗಾಯದ ಸೋಂಕಿನಲ್ಲಾಗಲಿ, ರಕ್ತ ಗಡ್ಡೆಗಟ್ಟುವುದರಲ್ಲಾಗಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ನಳಿಕೆ ಇಟ್ಟವರಿಗೆ ಹೊರಗಿನ ರಕ್ತ ಕೊಡಬೇಕಾದ ಪ್ರಸಂಗಗಳು ಮಾತ್ರ ಹೆಚ್ಚಾಗಿದ್ದವು. ನಳಿಕೆ ಇಲ್ಲದವರಲ್ಲಿ ಚರ್ಮ ಕಂದುಗಟ್ಟುವುದೂ ಪಟ್ಟಿ ತೊಯ್ಯುವುದೂ ಹೆಚ್ಚಾಗಿತ್ತು.

ಬಾವಿಯ ನೀರನ್ನು ಸೇದಿದಷ್ಟೂ ಒರತೆ ಊರುವುದನ್ನು ನೀವು ಬಲ್ಲಿರಿ. ಮುಚ್ಚಿದ ಕೀಲಿನೊಳಗೆ ರಕ್ತ ತುಂಬಿದಾಗ ಅದರ ಒತ್ತಡವೇ ಒಸರುವಿಕೆಯನ್ನು ತಡೆಯತೊಡಗುತ್ತದೆ. ಸೆಳೆಯುತ್ತಲೇ ಇದ್ದರೆ ಆ ತಡೆ ಇಲ್ಲವಾಗುತ್ತದೆ. ಈಗ ಟ್ರಾನೆಕ್ಸಾಮಿಕ್ ಆಮ್ಲವೆಂಬ ಔಷಧವನ್ನು ಕೊಟ್ಟು ರಕ್ತಸ್ರಾವವನ್ನು ಕಡಿಮೆ ಮಾಡುವುದು ರೂಢಿಯಾಗಿದೆ. ಹೆರಿಗೆಯ ನಂತರ ಅತಿಯಾಗಿ ರಕ್ತ ಹೋಗುವ ತಾಯಂದಿರಿಗೆ ಕೊಡುವುದೂ ಇದನ್ನೇ. ಹೀಗಾಗಿ ಅನೇಕ ವೈದ್ಯರು ನಳಿಕೆಯನ್ನು ಬಿಟ್ಟಿದ್ದಾರೆ. ರೋಗಿಯ ಸ್ಥಿತಿಗನುಸಾರವಾಗಿ ಅದನ್ನು ಇಡುವವರೂ ಇದ್ದಾರೆ. ಕಾರಣವನ್ನು ಕೇಳಿ ತಿಳಿಯಲು ನೀವು ಸಂಕೋಚಪಡಬೇಕಾಗಿಲ್ಲ.

ನಳಿಕೆ ಇಟ್ಟಿದ್ದರೆ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ತೆಗೆಯುತ್ತಾರೆ, ಏಕೆಂದರೆ ಹೆಚ್ಚು ದಿನ ಉಳಿದರೆ ಅದೇ ರೋಗಾಣುಗಳಿಗೆ ದಾರಿಯಾದೀತು. ಅಲ್ಲಿಯವರೆಗೆ ಸೀಸೆಯು ಮೊಣಕಾಲಿಗಿಂತ ಕೆಳಗಿರಲಿ. ಅದರ ಮುಚ್ಚಳವನ್ನು ನೀವಾಗಿ ತೆರೆಯಬೇಡಿ. ರೋಗಿಯನ್ನು ಎಬ್ಬಿಸುವಾಗ ನಳಿಕೆ ಎಳೆಯದಂತೆ ಒಬ್ಬರು ಸೀಸೆಯನ್ನು ಹಿಡಿದಿರಬೇಕು. ಸೀಸೆ ಬೇಗ ಬೇಗ ತುಂಬಿದರೆ ಅಥವಾ ನಳಿಕೆ ಜಾರಿದರೆ ದಾದಿಗೆ ತಕ್ಷಣ ತಿಳಿಸಿ. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಸೇವಿಸುತ್ತಿದ್ದರೆ ಶಸ್ತ್ರಕ್ರಿಯೆಗೆ ಮೊದಲೇ ಹೇಳಬೇಕು. ಆದರೆ ವೈದ್ಯರು ಹೇಳದೆ ಅವನ್ನು ನಿಲ್ಲಿಸಬಾರದು.

ಆಸ್ಪತ್ರೆಯಲ್ಲಿ ಜೊತೆಗಿರುವವರು ಯಾರು, ಮನೆಯಲ್ಲಿ ಒಲೆಯನ್ನೂ ದನಗಳನ್ನೂ ನೋಡುವವರು ಯಾರು ಎಂಬುದನ್ನು ಪತಿಪತ್ನಿಯರು ಮುಂಚೆಯೇ ನಿರ್ಧರಿಸಿಕೊಳ್ಳಿ. ಈ ಒಂದು ಚಿಂತೆಯಿಂದಲೇ ಎಷ್ಟೋ ಗೃಹಿಣಿಯರು ತಮ್ಮ ಚಿಕಿತ್ಸೆಯನ್ನು ಮುಂದೂಡುತ್ತಾರೆ.

ಮನೆಗೆ ಬಂದ ಮೇಲೆ ಗಾಯಕ್ಕೆ ಎಣ್ಣೆ ತಿಕ್ಕುವುದು, ಸೊಪ್ಪು ಅರೆದು ಕಟ್ಟುವುದು ಕೂಡದು. ಲೋಹದ ಕೀಲಿಗೆ ಸೋಂಕು ತಗುಲಿದರೆ ಮತ್ತೆ ಶಸ್ತ್ರಕ್ರಿಯೆ ಮಾಡಿ, ಕೆಲವೊಮ್ಮೆ ಕೀಲನ್ನೇ ತೆಗೆಯಬೇಕಾಗುತ್ತದೆ. ಗಾಯ ಕೆಂಪಾಗಿ ಬಿಸಿಯೇರಿದರೆ, ಕೀವು ಅಥವಾ ರಕ್ತ ಸೋರಿದರೆ, ಜ್ವರ ಬಂದರೆ, ಶಸ್ತ್ರಕ್ರಿಯೆ ಮಾಡಿದ ಆಸ್ಪತ್ರೆಗೆ ಅಂದೇ ಹೋಗಿ. ಮೀನಖಂಡ ಊದಿ ನೋಯುತ್ತಿದ್ದರೂ ಅಂದೇ ತೋರಿಸಬೇಕು. ಉಸಿರು ಕಟ್ಟಿದಂತಾದರೆ ಕ್ಷಣವೂ ತಡಮಾಡದೆ 108ಕ್ಕೆ ಕರೆ ಮಾಡಿ.