ಸಾಲದ ಅಂಕ: ಸರಿಪಡಿಸಿದ ಮೇಲೆ ಕಾಪಾಡಿಕೊಳ್ಳುವ ಬಗೆ



ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ಹಿರಿಯರು ಹೇಳುತ್ತಿದ್ದರು. ಸಾಲದ ಅಂಕ ಹಾಗಲ್ಲ. ಹೋದದ್ದು ಮರಳಿ ಬರುತ್ತದೆ. ಆದರೆ ಬಂದದ್ದನ್ನು ಉಳಿಸಿಕೊಳ್ಳುವಲ್ಲಿ ನಮ್ಮಲ್ಲಿ ಅನೇಕರು ಎಡವುತ್ತಾರೆ. ನಾನೂ ಎಡವಿದವನೇ.

ಸಿಬಿಲ್ ಮೊದಲಾದ ನಾಲ್ಕು ಸಂಸ್ಥೆಗಳು ನಮ್ಮ ಸಾಲದ ನಡತೆಯನ್ನು 300ರಿಂದ 900ರವರೆಗಿನ ಅಂಕದಲ್ಲಿ ಅಳೆಯುತ್ತವೆ. ಸಿಬಿಲ್ ವರದಿಯಲ್ಲಿ 36 ತಿಂಗಳವರೆಗಿನ ಮರುಪಾವತಿ ಕಾಣುತ್ತದೆ. ಆದ್ದರಿಂದ ಸುಸ್ತಿ ತೀರಿಸಿದೊಡನೆ ಕೆಲಸ ಮುಗಿಯಲಿಲ್ಲ. ಒಮ್ಮೆ ಬೋರ್ಡೋ ಹೊಡೆದು ಎರಡನೆಯ ಸಿಂಪಡಣೆ ಬಿಟ್ಟರೆ ಕೊಳೆರೋಗ ನಮ್ಮನ್ನು ಬಿಡುವುದೇ?

1. ವಾಯಿದೆ: ಸಾಲ ಪಡೆಯುವಾಗಲೇ ವಾಯಿದೆಯನ್ನು ಫಸಲಿನ ಹಣ ಕೈಸೇರುವ ಕಾಲಕ್ಕೆ ಹೊಂದಿಸಿಕೊಳ್ಳಿ. ದರ ಏರಲೆಂದು ಪೂರ್ತಿ ಸರಕನ್ನು ದಾಸ್ತಾನಿಟ್ಟು ವಾಯಿದೆ ಮೀರಿಸಬೇಡಿ. ಕಂತಿಗೆ ಬೇಕಾದಷ್ಟನ್ನು ಮೊದಲು ಮಾರಿ, ಉಳಿದದ್ದು ಕಾಯಲಿ. ವಾಯಿದೆ ತಪ್ಪಿದರೆ ಬೆಳೆಸಾಲದ ಬಡ್ಡಿ ರಿಯಾಯಿತಿಯೂ ತಪ್ಪುತ್ತದೆ.

2. ಜಾಮೀನು: 2018ರ ಮಳೆಗೆ ಫಸಲು ಉದುರಿ ನಾನು ಸುಸ್ತಿದಾರನಾದೆ. ಬಾಕಿ ತೀರಿಸಿ ಅಂಕವನ್ನು ಮೇಲೆ ತರಲು ಎರಡು ವರ್ಷ ಹಿಡಿಯಿತು. ಆಮೇಲೆ ದಾಕ್ಷಿಣ್ಯಕ್ಕೆ ಬಂಧುವೊಬ್ಬರ ಟಿಲ್ಲರ್ ಸಾಲಕ್ಕೆ ಜಾಮೀನು ಹಾಕಿದೆ. ಅವರು ಮೂರು ಕಂತು ಕಟ್ಟದಿದ್ದುದು ನನಗೆ ತಿಳಿದದ್ದು ಮಗಳ ಓದಿನ ಸಾಲಕ್ಕೆ ಹೋದಾಗ. ಜಾಮೀನು ಹಾಕಿದ ಸಾಲವೂ ನಮ್ಮ ವರದಿಯಲ್ಲಿ ಬರುತ್ತದೆಂಬುದನ್ನು ಮರೆಯಬೇಡಿ.

3. ಅರ್ಜಿ: ಒಂದೇ ಕಾಲಕ್ಕೆ ನಾಲ್ಕಾರು ಕಡೆ ಸಾಲದ ಅರ್ಜಿ ಹಾಕಬೇಡಿ. ಪ್ರತಿ ಬ್ಯಾಂಕಿನ ವಿಚಾರಣೆಯೂ ದಾಖಲಾಗಿ ಅಂಕಕ್ಕೆ ಪೆಟ್ಟು ಬೀಳಬಹುದು. ನಮ್ಮ ವರದಿಯನ್ನು ನಾವೇ ನೋಡಿದರೆ ಅಂಕ ತಗ್ಗುವುದಿಲ್ಲ.

4. ತೀರುವಳಿ: ರಾಜಿಯಲ್ಲಿ ಕಡಿಮೆ ಹಣ ಕಟ್ಟಿ ಮುಗಿಸಿದ ಸಾಲಕ್ಕೂ ಪೂರ್ತಿ ತೀರಿಸಿದ ಸಾಲಕ್ಕೂ ವರದಿಯಲ್ಲಿ ವ್ಯತ್ಯಾಸವಿದೆ. ಸಾಧ್ಯವಾದಷ್ಟೂ ಪೂರ್ತಿ ತೀರಿಸಿ, ಬೇಬಾಕಿ ಪತ್ರ ಪಡೆದು ಜೋಪಾನವಾಗಿಡಿ.

5. ತಪಾಸಣೆ: ಪ್ರತಿ ಸಂಸ್ಥೆಯಿಂದಲೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ತಪ್ಪಿದ್ದರೆ ದೂರು ಕೊಡಿ. 30 ದಿನಗಳಲ್ಲಿ ದೂರು ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರವೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ.

ಫಸಲು ಕೈಕೊಟ್ಟು ಕಂತು ಕಟ್ಟಲಾಗದೆಂದು ಕಂಡರೆ ವಾಯಿದೆ ಕಳೆಯುವವರೆಗೆ ಸುಮ್ಮನಿರಬೇಡಿ. ಮುಂಚೆಯೇ ಹೋಗಿ ಮಾತನಾಡಿ. ಗೊಬ್ಬರಕ್ಕೆ, ಮಕ್ಕಳ ಓದಿಗೆ ನಾಳೆ ಸಾಲ ಬೇಕಾದಾಗ ನಮ್ಮ ಪರವಾಗಿ ಮಾತನಾಡುವುದು ಈ ಅಂಕವೇ. ವರದಿ ಪಡೆಯಲು ತೊಡಕಾದವರು ಪಾಸ್‌ಪುಸ್ತಕದೊಡನೆ ಸಂಘದ ಕಚೇರಿಗೆ ಬರಬೇಕಾಗಿ ವಿನಂತಿ.

— ಕಾರ್ಯದರ್ಶಿ